ಕರೆಂಟ್ ಮಾತು: ರಾತ್ರಿ ಎರಡು ಗಂಟೆಗೆ ಕಾಲೇಜಿನ ಮೀಟರ್ ನೋಡಿದ್ದೀರಾ?

ಹಾಸನದ ಕಾಲೇಜೊಂದರಲ್ಲಿ 31 ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಂಡವನು ನಾನು. ಫ್ಯೂಸ್ ಕಟ್ಟುವುದರಿಂದ ಶುರುಮಾಡಿ ಸೂಪರ್‌ವೈಸರ್ ಆಗಿ ನಿವೃತ್ತನಾದೆ. ಕಾಲೇಜು ಕ್ಯಾಂಪಸ್‌ಗಳು ಕಾರ್ಬನ್ ನ್ಯೂಟ್ರಲ್ ಆಗುವ ಬಗ್ಗೆ ಕಳೆದ ಸಲ ಈ ಪ್ರಶ್ನೋತ್ತರ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಕಾರ್ಬನ್ ನ್ಯೂಟ್ರಲ್ ಅಂದರೆ ತಾವು ಬಳಸುವ ಕರೆಂಟು, ಡೀಸೆಲ್ಲು, ಗ್ಯಾಸಿನಿಂದ ಆಗುವ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವುದು. ಮಿಕ್ಸಿ, ಫ್ಯಾನ್ ಅಂತ ಕೇಳುತ್ತಿದ್ದವರೆಲ್ಲ ಈ ಸಲ ಸುಮ್ಮನಿದ್ದಾರೆ. ಬಂದ ಪತ್ರಗಳೆಲ್ಲ ಕಾಲೇಜುಗಳ ಕಡೆಯವೇ.

ನಮ್ಮ ಆಡಳಿತ ಮಂಡಳಿ 2030ಕ್ಕೆ ಕ್ಯಾಂಪಸ್ ಕಾರ್ಬನ್ ನ್ಯೂಟ್ರಲ್ ಅಂತ ಠರಾವು ಮಾಡಿದೆ. ಒಂದು ಕಂಪನಿಯವರು 200 ಕಿಲೋವಾಟ್ ಸೋಲಾರ್ ಹಾಕಿಕೊಡುತ್ತೇವೆ, ನೀವು ದುಡ್ಡು ಹಾಕಬೇಡಿ, ಯೂನಿಟ್ ಲೆಕ್ಕದಲ್ಲಿ 25 ವರ್ಷ ಕೊಡಿ ಎನ್ನುತ್ತಿದ್ದಾರೆ. ಸಹಿ ಹಾಕಬಹುದೇ?
*ಪ್ರಾಂಶುಪಾಲರು, ಚಿಕ್ಕಮಗಳೂರು*

ಒಂದು ತಿಂಗಳು ತಡೆಯಿರಿ ಸರ್. ಕಂಪನಿಯವರು ಎಲ್ಲಿಗೂ ಓಡಿಹೋಗುವುದಿಲ್ಲ.

ನನ್ನದೇ ಒಂದು ಕಥೆ ಹೇಳುತ್ತೇನೆ. ನಮ್ಮಲ್ಲೂ ಹೀಗೇ ಸೋಲಾರ್ ಮಾತು ಬಂದಿತ್ತು. ಎಷ್ಟು ಕಿಲೋವಾಟ್ ಬೇಕು ಅಂತ ನನ್ನನ್ನು ಕೇಳಿದರು. ನಾನು ಬಿಲ್ ನೋಡಿ ಏನೋ ಒಂದು ಅಂಕಿ ಹೇಳಿದೆ. ಆಮೇಲೆ ಮನಸ್ಸು ಒಪ್ಪಲಿಲ್ಲ. ದಸರಾ ರಜೆಯಲ್ಲಿ, ಹಾಸ್ಟೆಲ್ ಕೂಡ ಖಾಲಿ ಇದ್ದಾಗ, ರಾತ್ರಿ ಹತ್ತಕ್ಕೆ ಹೋಗಿ ಎಚ್‌ಟಿ (ಹೈ ಟೆನ್ಷನ್, ಅಂದರೆ ಹೆಚ್ಚು ವೋಲ್ಟೇಜಿನ ಸಂಪರ್ಕದ) ಮೀಟರಿನ ರೀಡಿಂಗ್ ಬರೆದುಕೊಂಡೆ. ಬೆಳಗ್ಗೆ ಐದಕ್ಕೆ ಮತ್ತೆ ಹೋದೆ. ವ್ಯತ್ಯಾಸ 7.7. ಇಷ್ಟೇನಾ ಅಂತ ವಾಚ್‌ಮನ್ ಕೇಳಿದ. ಇಷ್ಟೇ ಅಲ್ಲ. ಎಚ್‌ಟಿ ಮೀಟರಿನಲ್ಲಿ ಕಾಣುವ ಅಂಕಿಯನ್ನು ಅದರ ಗುಣಕದಿಂದ ಗುಣಿಸಬೇಕು. ನಮ್ಮದರ ಗುಣಕ 20. ಅಲ್ಲಿಗೆ ಏಳು ಗಂಟೆಯಲ್ಲಿ 154 ಯೂನಿಟ್ ಆಯಿತು. ಒಂದು ನರಪಿಳ್ಳೆ ಇಲ್ಲದ ಕ್ಯಾಂಪಸ್ಸು ರಾತ್ರಿಯಿಡೀ 22 ಕಿಲೋವಾಟ್ ಎಳೆಯುತ್ತಿತ್ತು.

ಮಾರನೆಯ ರಾತ್ರಿ ಟಾರ್ಚ್ ಹಿಡಿದು ಒಬ್ಬನೇ ಸುತ್ತಿದೆ. ಎರಡು ಗಂಟೆ ಹೊತ್ತಿಗೆ ಲೈಬ್ರರಿ ಹಿಂದೆ ಮಳೆ ಬೀಳುವ ಸದ್ದು. ಮಳೆಯೇ ಇರಲಿಲ್ಲ. ಓವರ್‌ಹೆಡ್ ಟ್ಯಾಂಕ್ ತುಂಬಿ ಗೋಡೆ ಮೇಲಿಂದ ಇಳಿಯುತ್ತಿತ್ತು. ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಯಾವಾಗಲೋ ತುಕ್ಕು ಹಿಡಿದು ಸತ್ತಿತ್ತು. ಪಂಪ್ ಮಾತ್ರ ನಿಷ್ಠೆಯಿಂದ ಓಡುತ್ತಲೇ ಇತ್ತು. ಗೋಡೆಯುದ್ದಕ್ಕೂ ಹಸಿರು ಪಾಚಿ, ನಡುವೆ ಒಂದು ಜರೀಗಿಡ ಬೇರೆ ಬೆಳೆದಿತ್ತು. ಜರೀಗಿಡ ಅಷ್ಟು ದೊಡ್ಡದಾಗಬೇಕಾದರೆ ಎಷ್ಟು ತಿಂಗಳಿಂದ ಹೀಗಿರಬಹುದು ಲೆಕ್ಕ ಹಾಕಿ. ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ಎಸಿ ಯಾರಿಗೂ ಅಲ್ಲದೆ ತಂಪು ಮಾಡುತ್ತಿದ್ದವು. ಕುಡಿಯುವ ನೀರಿನ ಕೂಲರ್‌ಗಳು ಪ್ರತಿ ಮಹಡಿಯಲ್ಲಿ ಗುರುಗುಟ್ಟುತ್ತಿದ್ದವು. ಈ ಕ್ಯಾಂಪಸ್ಸಿನ ಮೇಂಟೆನೆನ್ಸ್ ನನ್ನದೇ ಆಗಿತ್ತು ಅನ್ನುವುದನ್ನು ಮರೆಯಬೇಡಿ. ನಾಚಿಕೆಯಾಯಿತು.

ಈಗ ಲೆಕ್ಕ ನೋಡಿ. ರಾತ್ರಿ ಹೊತ್ತು ಹತ್ತು ತಾಸು ಹೀಗೆ ಓಡಿದರೆ ದಿನಕ್ಕೆ 220 ಯೂನಿಟ್, ವರ್ಷಕ್ಕೆ 80 ಸಾವಿರ. ನಮ್ಮ ಕಡೆ ಒಂದು ಕಿಲೋವಾಟ್ ಸೋಲಾರ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಅಂದರೆ ಆ ಪೋಲಾಗುವ ಕರೆಂಟಿಗೇ 57 ಕಿಲೋವಾಟ್ ಪ್ಯಾನೆಲ್ ಬೇಕು. ಒಂದು ಫ್ಲೋಟ್ ಸ್ವಿಚ್, ನಾಲ್ಕಾರು ಟೈಮರ್ ಹಾಕಿ ಅದರಲ್ಲಿ ಮುಕ್ಕಾಲು ಪಾಲು ನಿಲ್ಲಿಸಿದೆವು. ಆಮೇಲೆ ಸೋಲಾರ್ ಅಂಕಿ ತಾನಾಗಿಯೇ ಇಳಿಯಿತು.

ನಿಮಗೆ 200 ಕಿಲೋವಾಟ್ ಅಂತ ಹೇಳಿದವರು ಬಿಲ್ ನೋಡಿ ಹೇಳಿದರಾ, ತಾರಸಿ ನೋಡಿ ಹೇಳಿದರಾ ಅಂತ ಕೇಳಿ. ಒಂದು ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು. 20 ಸಾವಿರ ಚದರ ಅಡಿ ತಾರಸಿ ಕಂಡರೆ 200 ಕಿಲೋವಾಟ್ ಅಂದುಬಿಡುತ್ತಾರೆ. ಅದು ಅವರ ವ್ಯಾಪಾರ, ತಪ್ಪೆನ್ನಲ್ಲ.

ಇನ್ನು ನಿಮ್ಮ ಊರಿನ ವಿಷಯ. ಬಿಸಿಲು ಚೆನ್ನಾಗಿರುವುದು ಫೆಬ್ರವರಿಯಿಂದ ಮೇ. ಆಗಲೇ ಪರೀಕ್ಷೆ, ರಜೆ. ಜೂನ್‌ನಿಂದ ಆಗಸ್ಟ್ ತರಗತಿ ತುಂಬಿರುತ್ತದೆ, ಆಗ ಗಿರಿಯ ಕಡೆಯಿಂದ ಮೋಡ ಇಳಿದು ಪ್ಯಾನೆಲ್ ಕೊಡುವುದು ಅರ್ಧಕ್ಕೆ ಹತ್ತಿರ ಬರುತ್ತದೆ. ಹಾಗಾಗಿ ರಜೆಯಲ್ಲಿ ಹೆಚ್ಚಾದ ಕರೆಂಟಿಗೆ ಮೆಸ್ಕಾಂ ಹೇಗೆ ಲೆಕ್ಕ ಕೊಡುತ್ತದೆ ಅನ್ನುವುದೇ ಇಡೀ ಯೋಜನೆಯ ಜೀವ. ನೆಟ್ ಮೀಟರಿಂಗಾ (ನೀವು ಕೊಟ್ಟದ್ದನ್ನು ತೆಗೆದುಕೊಂಡದ್ದರಲ್ಲಿ ಕಳೆಯುವುದು), ಗ್ರಾಸ್ ಮೀಟರಿಂಗಾ (ತಯಾರಾದದ್ದೆಲ್ಲ ಅವರಿಗೆ ಕೊಟ್ಟು, ಬಳಸಿದ್ದಕ್ಕೆ ಬೇರೆ ಬಿಲ್ ಕಟ್ಟುವುದು), ಹೆಚ್ಚಾದದ್ದಕ್ಕೆ ಯಾವ ದರ, ಎಲ್ಲವನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪಂದದಲ್ಲಿ ಕನಿಷ್ಠ ಇಷ್ಟು ಯೂನಿಟ್ ಕೊಂಡೇ ಕೊಳ್ಳಬೇಕು ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ರಜೆಯಲ್ಲೂ ಕಟ್ಟುತ್ತೀರಿ. ತಾರಸಿ ಸೋರಿದರೆ, ಎಂಟು ವರ್ಷಕ್ಕೆ ಮರು ಗಾರೆ ಹಾಕಬೇಕಾದರೆ ಪ್ಯಾನೆಲ್ ಇಳಿಸಿ ಏರಿಸುವ ಖರ್ಚು ಯಾರದು? ಮಲೆನಾಡಿನ ತಾರಸಿ ಸೋರದೇ ಇರುವುದಿಲ್ಲ, ನಿಮಗೆ ನಾನು ಹೇಳಬೇಕಾಗಿಲ್ಲ. ಕಟ್ಟಡದ ಪಕ್ಕ ಸಿಲ್ವರ್ ಓಕ್ ಮರ ಇದೆಯಾ? ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವೂ ಕುಗ್ಗುತ್ತವೆ. ಮಧ್ಯಾಹ್ನ ಮೂರರ ನೆರಳು ನೋಡದೆ ಸರ್ವೆ ಮುಗಿಸುವವರನ್ನು ನಂಬಬೇಡಿ.

ಮನೆಗಳಿಗೆ ಸಿಗುವ ಪಿಎಂ ಸೂರ್ಯಘರ್ ಸಬ್ಸಿಡಿ ಕಾಲೇಜಿಗೆ ಇಲ್ಲ. ಯಾರಾದರೂ ಕೊಡಿಸುತ್ತೇನೆ ಅಂದರೆ ಕಾಫಿ ಕುಡಿಸಿ ಕಳಿಸಿ.

ನಮ್ಮ ಜಿಲ್ಲೆಗೆ ಬರುವುದು ಶರಾವತಿಯ ನೀರಿನ ಕರೆಂಟು ಅಲ್ವಾ? ಅದರಲ್ಲಿ ಹೊಗೆಯೇ ಇಲ್ಲ. ಮತ್ತೆ ನಾವೇಕೆ ಲೆಕ್ಕ ಇಡಬೇಕು?
*ಪದವಿ ವಿದ್ಯಾರ್ಥಿ, ಕಡೂರು*

ಒಳ್ಳೆಯ ಪ್ರಶ್ನೆ. ನಮ್ಮ ತಂದೆಯ ಕಾಲಕ್ಕೆ ನಿಮ್ಮ ಮಾತು ಹೆಚ್ಚುಕಡಿಮೆ ಸರಿಯಿತ್ತು. ಆದರೆ ತಂತಿಯಲ್ಲಿ ಬರುವ ಕರೆಂಟಿಗೆ ಊರಿನ ಹೆಸರು ಇರುವುದಿಲ್ಲ. ಶರಾವತಿಯ 1,035 ಮೆಗಾವಾಟ್, ರಾಯಚೂರಿನ ಕಲ್ಲಿದ್ದಲಿನ 1,720 ಮೆಗಾವಾಟ್, ಪಾವಗಡದ ಸೋಲಾರ್, ಎಲ್ಲವೂ ಒಂದೇ ಕೆರೆಗೆ ಬೀಳುತ್ತವೆ. 2013ರ ಕೊನೆಯಲ್ಲಿ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿಗೆ ಸೇರಿದ ಮೇಲೆ ಕೆರೆ ಇನ್ನೂ ದೊಡ್ಡದಾಯಿತು. ನೀವು ಒಂದು ಬಿಂದಿಗೆ ಜಾಸ್ತಿ ಎತ್ತಿದರೆ ಎಲ್ಲೋ ಒಂದು ಕಡೆ ಕಲ್ಲಿದ್ದಲು ಉರಿಯುತ್ತದೆ. ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ ಮೂರು ಲಕ್ಷ ಯೂನಿಟ್ ಬಳಸುವ ಕಾಲೇಜಿನ ತಲೆ ಮೇಲೆ 210 ಟನ್.

ಹಾಸ್ಟೆಲ್‌ನಲ್ಲಿ ಸೋಲಾರ್ ಬಿಸಿನೀರು ಏಳಕ್ಕೇ ಖಾಲಿ. ಉಳಿದವರಿಗೆ ಸೌದೆ ಬಾಯ್ಲರ್. ಸೌದೆ ಕಾರ್ಬನ್ ನ್ಯೂಟ್ರಲ್, ಅದೇ ಒಳ್ಳೆಯದು ಅಂತ ವಾರ್ಡನ್ ಹೇಳುತ್ತಾರೆ. ಹೌದೇ? ಹೊಗೆ ನಮ್ಮ ರೂಮಿಗೇ ಬರುತ್ತದೆ.
*ಹಾಸ್ಟೆಲ್ ವಿದ್ಯಾರ್ಥಿನಿ, ಹಾಸನ*

ಕಾಗದದ ಮೇಲೆ ವಾರ್ಡನ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮರ ಬೆಳೆಯುವಾಗ ಎಳೆದುಕೊಂಡದ್ದನ್ನೇ ಉರಿಯುವಾಗ ಬಿಡುತ್ತದೆ. ಆದರೆ ಕಡಿದ ಮರದ ಜಾಗದಲ್ಲಿ ಇನ್ನೊಂದು ಬೆಳೆದರೆ ಮಾತ್ರ ಆ ಲೆಕ್ಕ ಕೂಡುತ್ತದೆ. ನಿಮ್ಮ ಬಾಯ್ಲರ್‌ಗೆ ಬರುವ ಸೌದೆ ಯಾವ ತೋಟದ್ದು, ಅಲ್ಲಿ ಮತ್ತೆ ನೆಟ್ಟರಾ ಅಂತ ವಾರ್ಡನ್‌ಗೂ ಗೊತ್ತಿರಲಿಕ್ಕಿಲ್ಲ. ಹೊಗೆ ಅಂತೂ ನಿಮ್ಮ ಎದೆಗೇ ಹೋಗುತ್ತದೆ, ಅದಕ್ಕೆ ಯಾವ ನ್ಯೂಟ್ರಲ್ಲೂ ಇಲ್ಲ.

ಸೋಲಾರ್ ನೀರು ಏಳಕ್ಕೇ ಯಾಕೆ ಖಾಲಿ? ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹಾಸ್ಟೆಲ್‌ನಲ್ಲಿ ಟ್ಯಾಂಕಿನಿಂದ ಕೊನೆಯ ಬಚ್ಚಲಿಗೆ 60 ಮೀಟರ್ ಪೈಪು. ಮೇಲೆ ಶಾಖ ತಡೆಯುವ ಹೊದಿಕೆ ಇಲ್ಲ. ಡಿಸೆಂಬರ್ ಬೆಳಗಿನ ಚಳಿ ನಿಮಗೆ ಗೊತ್ತೇ ಇದೆ. ಮೊದಲು ಏಳುವ ಹುಡುಗಿ ಎರಡು ಬಕೆಟ್ ತಣ್ಣೀರು ಚೆಲ್ಲಿ ಮೂರನೆಯದಕ್ಕೆ ಬಿಸಿ ಕಾಣುತ್ತಿದ್ದಳು. ಅವಳು ನಿಲ್ಲಿಸಿದ ಮೇಲೆ ಪೈಪಿನಲ್ಲಿ ನಿಂತ ನೀರು ಮತ್ತೆ ತಣ್ಣಗೆ. ಮುಂದಿನವಳೂ ಎರಡು ಬಕೆಟ್ ಚೆಲ್ಲುತ್ತಿದ್ದಳು. ಹೀಟರ್ ಸಾಲದು ಅಂತ ಆಡಳಿತದವರು ಇನ್ನೂ 500 ಲೀಟರ್ ಹಾಕಿಸಲು ಹೊರಟಿದ್ದರು. ನಾವು ಪೈಪಿಗೆ ಹೊದಿಕೆ ಸುತ್ತಿ, ಸುತ್ತುಬಳಸಿ ಹೋಗುತ್ತಿದ್ದ ಲೈನನ್ನು ನೇರ ಮಾಡಿದೆವು. ಎಂಟೂವರೆವರೆಗೂ ನೀರು ಬಂತು. ನಿಮ್ಮ ವಾರ್ಡನ್‌ಗೆ ಹೇಳಿ: ಬೆಳಗ್ಗೆ ಆರಕ್ಕೆ ಒಂದು ಖಾಲಿ ಬಕೆಟ್ ಹಿಡಿದು ಕೊನೆಯ ಬಚ್ಚಲಲ್ಲಿ ನಿಲ್ಲಿ, ಬಿಸಿ ಬರುವ ಮುಂಚೆ ಎಷ್ಟು ಚೆಲ್ಲುತ್ತದೆ ಅಳೆಯಿರಿ.

ಮಳೆಗಾಲದಲ್ಲಿ ಸೋಲಾರ್ ಸಾಲುವುದಿಲ್ಲ, ಒಪ್ಪುತ್ತೇನೆ. ಆಗ ಸೌದೆ ಬದಲು ಹೀಟ್ ಪಂಪ್ ಕೇಳಿ. ಅದು ಫ್ರಿಜ್ಜನ್ನು ತಿರುಗಿಸಿಟ್ಟ ಹಾಗೆ. ಹೊರಗಿನ ಗಾಳಿಯ ಶಾಖವನ್ನು ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಬಿಸಿ ಕೊಡುತ್ತದೆ. ಒಂದು ಬಕೆಟ್ ಸ್ನಾನದ ನೀರಿಗೆ ಮಾಮೂಲಿ ಗೀಸರ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. 200 ಜನರಿಗೆ ದಿನಕ್ಕೆ ನೂರು ಯೂನಿಟ್ ಅಂದುಕೊಳ್ಳಿ. ಹೀಟ್ ಪಂಪ್‌ನಲ್ಲಿ ಅದೇ ಕೆಲಸ ಮೂವತ್ತೈದರೊಳಗೆ ಮುಗಿಯುತ್ತದೆ. ಬೆಲೆ ಮಾತ್ರ ಗೀಸರ್‌ಗಿಂತ ತುಂಬಾ ಜಾಸ್ತಿ.

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರುವುದಿಲ್ಲ. ಸೋಲಾರ್ ಹಾಕಿದರೆ ಡೀಸೆಲ್ ಜನರೇಟರ್ ಮಾರಿಬಿಡಬಹುದು ಅಂತ ನಮ್ಮ ಕಾರ್ಯದರ್ಶಿಗಳು ಹೇಳುತ್ತಾರೆ.
*ಕಾಲೇಜಿನ ಎಲೆಕ್ಟ್ರಿಷಿಯನ್*

ಮಾರಲು ಬಿಡಬೇಡಿ ತಮ್ಮಾ. ಇದು ಎಲ್ಲರೂ ಎಡವುವ ಜಾಗ. ಬ್ಯಾಟರಿ ಇಲ್ಲದ ಮಾಮೂಲಿ ಗ್ರಿಡ್ ಸೋಲಾರ್, ಕರೆಂಟ್ ಹೋದ ತಕ್ಷಣ ತಾನೂ ನಿಂತುಬಿಡುತ್ತದೆ. ಬಿಸಿಲು ಎಷ್ಟೇ ಇರಲಿ. ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟು ಹೊರಗಿನ ತಂತಿಗೆ ಹೋಗಿ, ಮರ ಕಡಿಯಲು ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಅದನ್ನು ಕಾರ್ಯದರ್ಶಿಗಳಿಗೆ ಹೀಗೇ ಹೇಳಿ, ಅರ್ಥವಾಗುತ್ತದೆ.

ನನ್ನ ಕೈಲಿದ್ದರೆ ಲೋಡನ್ನು ಎರಡು ಭಾಗ ಮಾಡುತ್ತಿದ್ದೆ. ಲೈಟು, ವೈಫೈ, ಆಫೀಸಿನ ಕಂಪ್ಯೂಟರು, ಹಾಸ್ಟೆಲ್ ಕಾರಿಡಾರು ಬೇರೆ ಲೈನಿಗೆ. ಅದಕ್ಕೆ ಸೋಲಾರ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಲಿಥಿಯಂ ಬ್ಯಾಟರಿ. ಪಂಪು, ವರ್ಕ್‌ಶಾಪು, ಲ್ಯಾಬು ಮಾತ್ರ ಜನರೇಟರ್‌ಗೆ, ಅದೂ ದಿನಕ್ಕೆ ಎರಡು ಗಂಟೆ. ಈಗ ನಿಮ್ಮಲ್ಲಿ ಏನಾಗುತ್ತಿರಬಹುದು ಅಂದರೆ, ನಾಲ್ಕು ಟ್ಯೂಬ್‌ಲೈಟಿಗಾಗಿ 125 ಕೆವಿಎ ಜನರೇಟರ್ ರಾತ್ರಿಯಿಡೀ ಗುಡುಗುತ್ತಿರುತ್ತದೆ. ಚೆನ್ನಾಗಿ ಲೋಡ್ ಇದ್ದಾಗ ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಬರುತ್ತದೆ. ಲೋಡ್ ಕಡಿಮೆಯಾದಷ್ಟೂ ಅದು ಕುಸಿಯುತ್ತದೆ. ಪ್ರತಿ ಲೀಟರಿಗೂ 2.7 ಕೆಜಿ ಹೊಗೆ ಲೆಕ್ಕ ಬರೆದುಕೊಳ್ಳಿ.

ಹೊಂಗೆ ಎಣ್ಣೆ ಹಾಕಬಹುದಾ ಅಂತಲೂ ಕೇಳಿದ್ದೀರಿ. ನಮ್ಮ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನಕ್ಕೆ ಒಮ್ಮೆ ಹೋಗಿ ಬನ್ನಿ. ಹೊಂಗೆ, ಹಿಪ್ಪೆ, ಬೇವು ಎಲ್ಲ ಅಲ್ಲಿ ನೋಡಬಹುದು. ಆದರೆ ಗಾಣದ ಎಣ್ಣೆಯನ್ನು ಹಾಗೇ ಟ್ಯಾಂಕಿಗೆ ಸುರಿಯಬೇಡಿ. ಅದು ದಪ್ಪ. ಇಂಜೆಕ್ಟರ್‌ಗೆ ಅಂಟು ಕಟ್ಟುತ್ತದೆ. ಬಯೋಡೀಸೆಲ್ ಮಾಡಿದ ಮೇಲೆ, ಡೀಸೆಲ್ ಜೊತೆ ಸ್ವಲ್ಪವೇ ಬೆರೆಸಿ, ಅದೂ ಜನರೇಟರ್ ಕಂಪನಿ ಒಪ್ಪಿದಷ್ಟು ಮಾತ್ರ.

ನಮ್ಮ ಕಾಲೇಜು ಪ್ರತಿ ಜೂನ್ 5ಕ್ಕೆ 500 ಗಿಡ ನೆಡುತ್ತದೆ. ಸಾಕಲ್ಲವೇ?
*ಎನ್‌ಎಸ್‌ಎಸ್ ಸ್ವಯಂಸೇವಕ, ಹಾಸನ*

ಕಳೆದ ವರ್ಷದ ಗುಂಡಿಯಲ್ಲೇ ನೆಡುತ್ತೀರಾ, ಹೊಸ ಗುಂಡಿಯಾ? ಫೋಟೋ ತೆಗೆಸಿಕೊಂಡ ಗಿಡಕ್ಕೆ ಮಾರ್ಚ್‌ನಲ್ಲಿ ನೀರು ಹಾಕಿದವರು ಯಾರು? ಬೆಳೆದ ಮರ ವರ್ಷಕ್ಕೆ ಇಪ್ಪತ್ತು ಕೆಜಿ ಇಂಗಾಲದ ಡೈಆಕ್ಸೈಡ್ ಎಳೆಯುತ್ತದೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. 500 ಗಿಡವೂ ಬದುಕಿ ಮರವಾದರೆ ಹತ್ತು ಟನ್. ಮೇಲೆ ಕಡೂರಿನ ಹುಡುಗನಿಗೆ ಹೇಳಿದ 210 ಟನ್ ನೆನಪಿಸಿಕೊಳ್ಳಿ. ನೆಡಿ, ನೆರಳಾಗುತ್ತದೆ. ಪ್ಯಾನೆಲ್ ಇರುವ ಕಟ್ಟಡದಿಂದ ಸ್ವಲ್ಪ ದೂರ ನೆಡಿ.

ಅಮೆರಿಕದ ಯೂನಿವರ್ಸಿಟಿಗಳು ಆಗಲೇ ಕಾರ್ಬನ್ ನ್ಯೂಟ್ರಲ್ ಆಗಿವೆಯಂತೆ. ಅವರು ಹೇಗೆ ಮಾಡಿದರು? ನಾವು ಅದನ್ನೇ ಮಾಡಬಹುದಲ್ಲ?
*ಉಪನ್ಯಾಸಕಿ, ಚಿಕ್ಕಮಗಳೂರು*

ಕೆಲವರು ಆಗಿದ್ದಾರೆ. ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿ 2018ರಲ್ಲಿ ಹಾಗೆ ಘೋಷಿಸಿತು. ದೂರದ ನಾರ್ತ್ ಕ್ಯಾರೊಲಿನಾದ ಸೋಲಾರ್‌ನಿಂದ ಕರೆಂಟಿನ ಅರ್ಧ ಪಾಲಿನಷ್ಟು ಕೊಂಡರು, ಉಳಿದದ್ದರಲ್ಲಿ ಒಂದಷ್ಟಕ್ಕೆ ಕಾರ್ಬನ್ ಆಫ್‌ಸೆಟ್ ಕೊಂಡರು. ಆಫ್‌ಸೆಟ್ ಅಂದರೆ ನಾನು ಬಿಟ್ಟ ಹೊಗೆಗೆ ಬದಲು ಬೇರೆಲ್ಲೋ ಇನ್ನೊಬ್ಬರು ಕಡಿಮೆ ಮಾಡಲಿ ಅಂತ ದುಡ್ಡು ಕೊಡುವುದು. ನಮ್ಮ ಅಜ್ಜಿ ಏಕಾದಶಿ ಉಪವಾಸವನ್ನು ಅಡುಗೆ ಭಟ್ಟರ ಕೈಲಿ ಮಾಡಿಸುತ್ತೇನೆ ಅಂದ ಹಾಗೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರು 2013ರಲ್ಲಿ 2025ರ ಗಡುವು ಹಾಕಿಕೊಂಡಿದ್ದರು. 2023ರಲ್ಲಿ ಅವರೇ ದಾರಿ ಬದಲಿಸಿ, ಆಫ್‌ಸೆಟ್ ನೆಚ್ಚಿಕೊಳ್ಳದೆ ತಮ್ಮ ಹೊಗೆಯನ್ನೇ 2045ರೊಳಗೆ ಶೇ. 90ರಷ್ಟು ಇಳಿಸುತ್ತೇವೆ ಅಂದರು. ಗಡುವು ಮುಂದೆ ಹೋಯಿತು, ನಿಜ. ಆದರೂ ನನಗೆ ಎರಡನೆಯ ಮಾತೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಅವರ ದೊಡ್ಡ ತಲೆನೋವು ಕಟ್ಟಡ ಬೆಚ್ಚಗಿಡುವುದು. ಸ್ಟ್ಯಾನ್‌ಫರ್ಡ್‌ನವರು 2015ರಲ್ಲಿ ಗ್ಯಾಸ್ ಉರಿಸುವ ಹಳೆಯ ಘಟಕ ನಿಲ್ಲಿಸಿದರು. ಕಟ್ಟಡ ತಂಪು ಮಾಡುವಾಗ ಹೊರಗೆಸೆಯುತ್ತಿದ್ದ ಶಾಖವನ್ನೇ ಹಿಡಿದು ಬಿಸಿನೀರು ಮಾಡುವ ವ್ಯವಸ್ಥೆಗೆ ಹೋದರು. ಅದಕ್ಕಾಗಿ ಇಡೀ ಕ್ಯಾಂಪಸ್ಸಿನ ಪೈಪು ಅಗೆದರು. ನಮಗೆ ಆ ಗೋಳಿಲ್ಲ. ಚಿಕ್ಕಮಗಳೂರಲ್ಲಿ ಫ್ಯಾನೇ ವರ್ಷದಲ್ಲಿ ಮೂರು ತಿಂಗಳು ತಿರುಗುವುದು. ಹಾಗಾಗಿ ನಿಮ್ಮಲ್ಲಿ 75 ವಾಟಿನ ಫ್ಯಾನ್ ಕಿತ್ತು 28 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಮೋಟರಿನ) ಫ್ಯಾನ್ ಹಾಕಲು ಅವಸರ ಬೇಡ. ಹಳೆಯದು ಕೆಟ್ಟಾಗ ಹಾಕಿದರೆ ಸಾಕು. ಮಳೆಗಾಲದಲ್ಲಿ ಹಗಲೂ ಕತ್ತಲೆಯಾಗುವ ಕ್ಲಾಸ್‌ರೂಮಿನ ಟ್ಯೂಬ್‌ಲೈಟ್ ಮೊದಲು ಬದಲಿಸಿ. ಹಾಸನದಲ್ಲಿ, ಅದರಲ್ಲೂ ಅರಸೀಕೆರೆ ಕಡೆ, ಈ ಮಾತು ತಿರುಗಿಸಿ ಓದಿಕೊಳ್ಳಿ: ಫ್ಯಾನ್ ಮೊದಲು, ಟ್ಯೂಬ್‌ಲೈಟ್ ಆಮೇಲೆ.

ತಾರಸಿ ಸಾಲದಿದ್ದರೆ ಹೊರಗಿನ ಸೋಲಾರ್, ಗಾಳಿ ಕರೆಂಟನ್ನು ನೇರವಾಗಿ ಕೊಳ್ಳುವ ದಾರಿ ನಮ್ಮಲ್ಲೂ ಇದೆ. ಮೊದಲು ಒಂದು ಮೆಗಾವಾಟ್ ಲೋಡ್ ಇದ್ದವರಿಗೆ ಮಾತ್ರ ಇತ್ತು. 2022ರ ಕೇಂದ್ರದ ನಿಯಮ ಅದನ್ನು 100 ಕಿಲೋವಾಟಿಗೆ ಇಳಿಸಿತ್ತು, ಈಗಿನ ಮಿತಿ ಎಷ್ಟು ಅಂತ ಮೆಸ್ಕಾಂನಲ್ಲಿ ಕೇಳಿಕೊಳ್ಳಿ. ವೀಲಿಂಗ್ ಚಾರ್ಜು (ಅವರ ತಂತಿಯಲ್ಲಿ ಕರೆಂಟು ಸಾಗಿಸಿದ್ದಕ್ಕೆ ಬಾಡಿಗೆ), ಸರ್‌ಚಾರ್ಜು ಎಲ್ಲ ಸೇರಿಸಿದ ಮೇಲೆ ಯೂನಿಟ್ ಎಷ್ಟಕ್ಕೆ ಬೀಳುತ್ತದೆ ಅಂತ ಲೆಕ್ಕ ಹಾಕಿಸಿ.

ಹುಡುಗರ ಬೈಕುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೇ?
*ಕಾಲೇಜಿನ ಗುಮಾಸ್ತರು, ಚನ್ನರಾಯಪಟ್ಟಣ*

ಹಿಡಿಯಬೇಕು, ಆದರೆ ಮೊದಲ ವರ್ಷ ಬೇಡ. ಮೊದಲು ನಿಮ್ಮ ಬಿಲ್ಲಿಗೆ ಬರುವುದು ಮುಗಿಸಿ. ಒಂದು ಮಾತ್ರ ಈಗಲೇ ನೋಡಿ: ಸರ್ಕಾರಿ ಬಸ್ಸು 9.20ಕ್ಕೆ ಬರುತ್ತದೆ, ಮೊದಲ ಪೀರಿಯಡ್ 9ಕ್ಕೆ ಇಟ್ಟಿದ್ದೀರಿ ಅಂದರೆ, ಬೈಕ್ ತರಿಸುತ್ತಿರುವವರು ಹುಡುಗರಲ್ಲ, ನಿಮ್ಮ ಟೈಮ್‌ಟೇಬಲ್ಲು.

ನನಗೆ ಈ ಕೆಲಸ ವಹಿಸಿದ್ದಾರೆ. ಸೋಮವಾರ ಎಲ್ಲಿಂದ ಶುರು ಮಾಡಲಿ?
*ಸಹಾಯಕ ಪ್ರಾಧ್ಯಾಪಕ, ಹಾಸನ*

ಒಂದು ಉದ್ದ ನೋಟ್‌ಬುಕ್ ತನ್ನಿ. ಕ್ಯಾಂಪಸ್ಸಿನ ಪ್ರತಿ ಮಷೀನಿಗೂ ಒಂದು ಸಾಲು. ಎಲ್ಲಿದೆ, ಯಾವ ವರ್ಷ ತಂದದ್ದು, ಎಷ್ಟು ವಾಟು, ಇನ್ನೆಷ್ಟು ವರ್ಷ ಬದುಕಬಹುದು. ಗೀಸರ್ ಎಂಟು ಹತ್ತು ವರ್ಷ, ಎಸಿ ಹತ್ತು, ಪಂಪು ಹನ್ನೆರಡು ಹದಿನೈದು, ಜನರೇಟರ್ ಇಪ್ಪತ್ತರ ಹತ್ತಿರ, ಟ್ರಾನ್ಸ್‌ಫಾರ್ಮರ್ ಇಪ್ಪತ್ತೈದಕ್ಕೂ ಮೇಲೆ. ಕೊನೆಯ ಕಾಲಂನಲ್ಲಿ, ಇದು ಸತ್ತ ದಿನ ಇದರ ಜಾಗಕ್ಕೆ ಏನು ತರಬೇಕು ಅಂತ ಈಗಲೇ ಬರೆಯಿರಿ. ಮಾಡೆಲ್, ಅಂದಾಜು ಬೆಲೆ ಸಮೇತ. ಪ್ರಾಂಶುಪಾಲರ ಸಹಿ ಹಾಕಿಸಿ.

ಇದೇ ಪ್ಲಾನು. ಬೇರೆ ಪವರ್‌ಪಾಯಿಂಟ್ ಏನೂ ಬೇಡ. ಯಾಕೆ ಅಂದರೆ, ಕಾಲೇಜುಗಳಲ್ಲಿ ಮಷೀನು ಕೊಳ್ಳುವುದು ಯೋಚಿಸಿ ಅಲ್ಲ, ಗಾಬರಿಯಲ್ಲಿ. ಬುಧವಾರ ಬೆಳಗ್ಗೆ ಪಂಪ್ ಸುಟ್ಟಿತು, 400 ಮಕ್ಕಳಿಗೆ ನೀರಿಲ್ಲ. ನಾನು ಬಿ.ಎಂ. ರಸ್ತೆಯ ಅಂಗಡಿಗೆ ಓಡಿದೆ. ಅಲ್ಲಿ ಸ್ಟಾಕ್ ಇದ್ದ ಪಂಪ್ ತಂದೆ. ನಮಗೆ ಬೇಕಿದ್ದದ್ದು ಐದು ಎಚ್‌ಪಿ, ಸಿಕ್ಕಿದ್ದು ಏಳೂವರೆ. ಅದು ಹದಿನಾಲ್ಕು ವರ್ಷ ಓಡಿತು. ಒಂದು ಗಾಬರಿಯ ಬೆಳಗ್ಗೆ ಹದಿನಾಲ್ಕು ವರ್ಷದ ಕರೆಂಟು ನಿರ್ಧಾರವಾಗಿಬಿಟ್ಟಿತ್ತು. ನೋಟ್‌ಬುಕ್ ಇದ್ದಿದ್ದರೆ ಐದು ಎಚ್‌ಪಿಯ ಒಳ್ಳೆಯ ಪಂಪ್ ಒಂದು ಸ್ಟೋರ್‌ನಲ್ಲಿ ಮೊದಲೇ ಕೂತಿರುತ್ತಿತ್ತು.

ಜೊತೆಗೆ ಕಳೆದ 12 ತಿಂಗಳ ಕರೆಂಟ್ ಬಿಲ್ಲು, ಡೀಸೆಲ್ ಚೀಟಿ, ಕ್ಯಾಂಟೀನ್ ಮತ್ತು ಹಾಸ್ಟೆಲ್ ಗ್ಯಾಸಿನ ರಸೀದಿ ಕೇಳಿ ಇಸ್ಕೊಳ್ಳಿ. 19 ಕೆಜಿ ಸಿಲಿಂಡರ್ ಒಂದಕ್ಕೆ ಹತ್ತಿರ 57 ಕೆಜಿ ಹೊಗೆಯ ಲೆಕ್ಕ. ಬಿಲ್ಲಿನಲ್ಲಿ ಯೂನಿಟ್ ಮಾತ್ರ ನೋಡಬೇಡಿ, ಕೆವಿಎ ಡಿಮ್ಯಾಂಡ್ (ಒಮ್ಮೆಲೇ ಗರಿಷ್ಠ ಎಷ್ಟು ಎಳೆದಿರಿ ಅನ್ನುವುದು) ಕೂಡ ನೋಡಿ. ಅಕೌಂಟ್ಸ್ ವಿಭಾಗದವರು ಡೀಸೆಲ್ ಚೀಟಿ ಕೊಡಲು ಸ್ವಲ್ಪ ಆಟ ಆಡಿಸುತ್ತಾರೆ. ಬಿಡಬೇಡಿ.

ಇಷ್ಟೆಲ್ಲ ಹೇಳುತ್ತೀರಲ್ಲ, ನಿಮ್ಮ ಮನೆ ಮೇಲೆ ಸೋಲಾರ್ ಇದೆಯಾ?
*ಹೆಸರು ಬೇಡ, ಬೇಲೂರು*

ಬಿಸಿನೀರಿನದು ಇದೆ. ಕರೆಂಟಿನದು ಇಲ್ಲ. ಹತ್ತರಿಂದ ಎರಡರವರೆಗೆ ತಾರಸಿ ಮೇಲೆ ತೆಂಗಿನ ಮರದ ನೆರಳು. ಮರ ಪಕ್ಕದ ಮನೆಯವರದು. ಎರಡು ಸಲ ಮಾತು ತೆಗೆದೆ. ಎರಡು ಸಲವೂ ಅವರು ಎಳನೀರು ಕೊಟ್ಟು ಕಳಿಸಿದರು.